ಮಾಯಬೇಕಾದ್ದು ಗಾಯ

ಗಾಯ ಮಾಯಬಹುದು, ಕಲೆ ಮಾಯುವುದಿಲ್ಲ ಎನ್ನುವ ಮಾತನ್ನು ಕೇಳದ ಕನ್ನಡಿಗರಿಲ್ಲ. ಮುನಿದು ಬೇರೆಯಾದ ಅಣ್ಣತಮ್ಮಂದಿರ ಪಂಚಾಯಿತಿಯಲ್ಲಿ ಅದು ಬರುತ್ತದೆ. ಗಲಭೆಯ ಮರುವಾರದ ಸಂಪಾದಕೀಯದಲ್ಲಿ ಬರುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿನಲ್ಲಿ ತಲೆಕೆಳಗಾಗಿ, ಕಲೆಯೂ ಮಾಯ ಎಂಬ ಭರವಸೆಯಾಗಿ ಬರುತ್ತದೆ. ಎಲ್ಲ ಕಡೆಯೂ ಧ್ವನಿ ಒಂದೇ: ಗಾಯಕ್ಕಿಂತ ಕಲೆ ದೊಡ್ಡ ನಷ್ಟ, ಯಾಕೆಂದರೆ ಗಾಯಕ್ಕೆ ಮದ್ದಿದೆ, ಕಲೆಗಿಲ್ಲ, ಕಲೆ ಉಳಿದಿದೆ ಎಂದರೆ ವಾಸಿಯಾಗುವ ಕೆಲಸ ಇನ್ನೂ ಮುಗಿದಿಲ್ಲ. ಈ ತಿಳಿವಳಿಕೆ ದೇಹದ ಮಟ್ಟಿಗೆ ತಪ್ಪು. ದೇಹದಿಂದ ಎರವಲು ತಂದು ಸಮಾಜಕ್ಕೆ ಅನ್ವಯಿಸಿದಾಗ ಬರೀ ತಪ್ಪಾಗಿ ಉಳಿಯದೆ ಅಪಾಯಕಾರಿಯೂ ಆಗುತ್ತದೆ ಎಂಬುದು ನನ್ನ ವಾದ.

ಆ ಪಕ್ಷವನ್ನು ಮೊದಲು ನ್ಯಾಯವಾಗಿ ಇಟ್ಟು ನೋಡಬೇಕು. ಅದರ ಒಳಗೆ ಮೂರು ನಂಬಿಕೆಗಳಿವೆ:

1. ಗಾಯವಾಗುವ ಮುಂಚೆ ಮೈ ಹೇಗಿತ್ತೋ ಹಾಗೆಯೇ ಮರಳುವುದು ವಾಸಿಯಾಗುವುದರ ಅರ್ಥ.

2. ಕಲೆ ಎಂದರೆ ಗಾಯದ ಶೇಷ. ಗಾಯ ಹೋದರೂ ಹೋಗದೆ ಉಳಿದ ಅದರದೇ ಒಂದು ಪಾಲು.

3. ಆದ್ದರಿಂದ ಕಲೆ ಇರುವಷ್ಟು ಕಾಲ ಗಾಯವೂ ಯಾವುದೋ ರೂಪದಲ್ಲಿ ಇದ್ದೇ ಇದೆ.

ಹೀಗೆ ನಂಬುವವರನ್ನು ದಡ್ಡರೆನ್ನಲಾಗದು. ನುಡಿಯೇ ಅವರ ಬೆಂಬಲಕ್ಕಿದೆ. ಮಾಯು ಎಂಬ ಕ್ರಿಯಾಪದ ಕಿವಿಗೆ ಬಿದ್ದೊಡನೆ ಮಾಯವಾಗು ಎಂಬುದು ನೆನಪಾಗುತ್ತದೆ. ಪಕ್ಕದ ಮಲಯಾಳದಲ್ಲಿ ಮಾಯುಕ ಎಂದರೆ ಮಸುಕಾಗಿ ಮರೆಯಾಗುವುದು, ತಮಿಳಿನಲ್ಲಿ ಮಾಯ್ ಎಂದರೆ ಅಳಿಯುವುದು. ಹಾಗಿದ್ದ ಮೇಲೆ ಕಣ್ಣಿಗೆ ಕಾಣುತ್ತಿರುವುದನ್ನು ಮಾಯಿತು ಎಂದು ಹೇಗೆ ಹೇಳುವುದು? ಅನುಭವವೂ ಅವರ ಪರವಾಗಿದೆ. ಸುಟ್ಟ ಗಾಯದ ಗುರುತು ಮೈಮೇಲಿರುವವರ ಕೈ ಅರಿವಿಲ್ಲದೆ ಅಲ್ಲಿಗೆ ಹೋಗುತ್ತದೆ, ಎದುರಿಗಿರುವವರ ಕಣ್ಣೂ ಅಲ್ಲಿಗೇ ಹೋಗುತ್ತದೆ. ನೋವು ನಿಂತರೂ ನೆನಪು ನಿಲ್ಲದು. ಕಲೆಯನ್ನು ಗಾಯದ ಖಾತೆಯಲ್ಲೇ ಬರೆದುಕೊಳ್ಳುವುದಕ್ಕೆ ಇಷ್ಟು ಸಾಲದೇ ಎನ್ನಬಹುದು.

ಸಾಲದು. ಮೊದಲು ಆ ಕ್ರಿಯಾಪದವನ್ನೇ ವಿಚಾರಿಸೋಣ. ಗಾಯ ಮಾಯಿತು ಎಂಬ ವಾಕ್ಯದಲ್ಲಿ ಮಾಯವಾದದ್ದು ಯಾವುದು? ಗಾಯ. ಬಾಯಿ ತೆರೆದಿದ್ದ ಚರ್ಮ ಈಗ ಮುಚ್ಚಿದೆ, ರಕ್ತ ಒಸರುತ್ತಿಲ್ಲ, ಕೀವಿಲ್ಲ. ತೆರೆದ ಬಾಯಿ ಇಲ್ಲವಾಗಿದೆ. ಕಲೆ ಉಳಿದಿದ್ದರೂ ಆ ವಾಕ್ಯ ಪೂರಾ ಸತ್ಯ. ಅದಕ್ಕೆ ‘ಬಹುಮಟ್ಟಿಗೆ’ ಎಂಬ ವಿನಾಯಿತಿ ಬೇಕಿಲ್ಲ. ಕಲೆ ಮಾಯಲಿಲ್ಲ ಎಂದು ಕೊರಗುವವರು ಗಾಯಕ್ಕೆ ಸಲ್ಲುವ ಕ್ರಿಯಾಪದವನ್ನು ಗಾಯವಲ್ಲದ ಕರ್ತೃಪದಕ್ಕೆ ಜೋಡಿಸುತ್ತಿದ್ದಾರೆ. ಅದೂ ಅಲ್ಲದೆ ಕನ್ನಡದಲ್ಲಿ ಈ ಕೆಲಸಕ್ಕೆ ಮಾಯು ಒಂದೇ ಇಲ್ಲ. ಗಾಯ ಒಣಗಿತು ಎನ್ನುತ್ತೇವೆ, ಆರಿತು ಎನ್ನುತ್ತೇವೆ, ಮಾಗಿತು ಎನ್ನುತ್ತೇವೆ, ಕೂಡಿಕೊಂಡಿತು ಎನ್ನುತ್ತೇವೆ. ಇವುಗಳಲ್ಲಿ ಯಾವುದೂ ಗುರುತೇ ಇರಕೂಡದು ಎಂಬ ಷರತ್ತು ಹಾಕುವುದಿಲ್ಲ. ಮುರಿದ ಮೂಳೆ ಕೂಡಿಕೊಂಡಾಗ ಕೂಡಿದ ಜಾಗ ಎಕ್ಸ್-ರೇಯಲ್ಲಿ ಕೆಲಕಾಲ ದಪ್ಪಗೆ ಕಾಣುತ್ತದೆ. ಅದನ್ನು ತೋರಿಸಿ ಮೂಳೆ ಇನ್ನೂ ಕೂಡಿಲ್ಲ ಎಂದು ವಾದಿಸುವವರನ್ನು ನಾನು ಕಂಡಿಲ್ಲ. ಮೂಳೆಗೆ ಕೊಡುವ ಈ ರಿಯಾಯಿತಿಯನ್ನು ಚರ್ಮಕ್ಕೆ ಯಾಕೆ ಕೊಡುವುದಿಲ್ಲ? ಚರ್ಮ ಕಾಣುತ್ತದೆ, ಮೂಳೆ ಕಾಣುವುದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ. ಅಂದರೆ ಮೊದಲನೆಯ ನಂಬಿಕೆ ವಾಸಿಯಾಗುವುದರ ಬಗ್ಗೆ ಇರುವುದೇ ಅಲ್ಲ. ನೋಡುವವರ ಕಣ್ಣಿನ ಬಗ್ಗೆ ಇರುವುದು.

ಎರಡನೆಯ ನಂಬಿಕೆಯ ಬೇರು ಕಲೆ ಎಂಬ ಪದ ಹಾಸಿಕೊಂಡಿರುವ ಹರವಿನಲ್ಲಿದೆ. ಬಿಳಿ ಪಂಚೆಗೆ ಗೇರುಹಣ್ಣಿನ ರಸ ಬಿದ್ದರೆ ಕಲೆ. ಮೊಡವೆ ಒಣಗಿದ ಜಾಗ ಕಪ್ಪಾದರೆ ಕಲೆ. ಕುಡುಗೋಲು ತಾಗಿ ಆಳವಾಗಿ ಕೊಯ್ದ ಬೆರಳು ಕೂಡಿಕೊಂಡು ಗೆರೆ ಉಳಿದರೆ ಅದೂ ಕಲೆ. ಮೂರಕ್ಕೂ ಒಂದೇ ಹೆಸರು, ಆದರೆ ಮೂರೂ ಬೇರೆಬೇರೆ ಸಂಗತಿಗಳು. ಪಂಚೆಯ ಕಲೆ ಹೊರಗಿನಿಂದ ಬಂದು ಅಂಟಿಕೊಂಡದ್ದು. ಅದನ್ನು ತೆಗೆದರೆ ಕೆಳಗೆ ಮೊದಲಿನ ಬಟ್ಟೆ ಹಾಗೆಯೇ ಇದೆ. ಮೊಡವೆಯ ಕಪ್ಪು ಹೊರಗಿನದಲ್ಲ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉರಿಯೂತದ ದೆಸೆಯಿಂದ ಹೆಚ್ಚಾಗಿ ಸೇರಿಕೊಂಡದ್ದು; ತಿಂಗಳುಗಳು ಕಳೆದಂತೆ ಸಾಮಾನ್ಯವಾಗಿ ತಾನಾಗಿ ತಿಳಿಯಾಗುತ್ತದೆ. ಬೆರಳಿನ ಗೆರೆ ಈ ಎರಡೂ ಅಲ್ಲ. ಅಲ್ಲಿ ಚರ್ಮದ ಮೇಲೆ ಏನೂ ಕೂತಿಲ್ಲ, ಬಣ್ಣವೂ ಮುಖ್ಯವಲ್ಲ. ಅಲ್ಲಿರುವ ಅಂಗಾಂಶವೇ ಹೊಸದು. ಅದರ ಕೆಳಗೆ ಹಳೆಯ ಚರ್ಮ ಅಡಗಿ ಕೂತಿಲ್ಲ. ಕ್ರೀಮು ಮಾರುವವರಿಗೆ ಈ ಮೂರನ್ನೂ ಒಂದಾಗಿ ಇಡುವುದರಲ್ಲಿ ಲಾಭವಿದೆ. ತಾನಾಗಿ ಹೋಗುವ ಎರಡನೆಯದನ್ನು ತೋರಿಸಿ, ಎಂದಿಗೂ ಹೋಗದ ಮೂರನೆಯದಕ್ಕೆ ಔಷಧ ಮಾರಬಹುದು. ಮಚ್ಚೆ, ಬಂಗು, ಬಾಸುಂಡೆ, ಜಡ್ಡು ಎಂದು ಚರ್ಮದ ಸಣ್ಣಪುಟ್ಟ ಬದಲಾವಣೆಗೂ ಬೇರೆ ಬೇರೆ ಹೆಸರಿಟ್ಟ ಭಾಷೆ ಇಲ್ಲಿ ಮಾತ್ರ ಯಾಕೆ ಜಿಪುಣತನ ತೋರಿತೋ ಹೇಳುವುದು ಕಷ್ಟ. ಪರಿಣಾಮವಂತೂ ಸ್ಪಷ್ಟ. ಬಟ್ಟೆಯ ತರ್ಕ ಮೈಗೆ ಬಂದಿದೆ, ಕಲೆ ಎಂದರೆ ಕೊಳೆ ಎಂಬ ಅರ್ಥ ಅದರ ಬೆನ್ನಿಗೇ ಬಂದಿದೆ.

ಮೈಯಲ್ಲಿ ನಿಜವಾಗಿ ನಡೆಯುವುದು ಇದು. ಮೇಲುಚರ್ಮ ಮಾತ್ರ ತರಚಿದರೆ ಅದು ಗುರುತಿಲ್ಲದೆ ಬೆಳೆದುಕೊಳ್ಳುತ್ತದೆ. ಪೆಟ್ಟು ಒಳಚರ್ಮದ ಆಳಕ್ಕೆ ಇಳಿದಾಗ ದೇಹದ ಮುಂದೆ ಎರಡು ದಾರಿಗಳಿರುತ್ತವೆ: ಇದ್ದದ್ದನ್ನು ಇದ್ದ ಹಾಗೆಯೇ ಮತ್ತೆ ಕಟ್ಟುವುದು, ಇಲ್ಲವೇ ತೆರೆದ ಜಾಗವನ್ನು ಬೇಗ ಮುಚ್ಚುವುದು. ಮೊದಲ ದಾರಿ ಮನುಷ್ಯರಿಗೆ ಪೂರ್ತಿ ಅಪರಿಚಿತವಲ್ಲ. ಗರ್ಭದಲ್ಲಿರುವ ಶಿಶುವಿನ ಚರ್ಮಕ್ಕೆ ಮೊದಲ ತಿಂಗಳುಗಳಲ್ಲಿ ಗಾಯವಾದರೆ ಅದು ಕಲೆಯಿಲ್ಲದೆ ಕೂಡುತ್ತದೆ. ಹುಟ್ಟಿದ ಮೇಲೆ, ಮಣ್ಣು, ಸೋಂಕುಗಳ ನಡುವೆ, ದೇಹ ಎರಡನೆಯ ದಾರಿಯನ್ನೇ ಹಿಡಿಯುತ್ತದೆ. ಕೊಲಾಜನ್ ಎಂಬ ನಾರನ್ನು ತುರ್ತಾಗಿ ತಂದು ತುಂಬುತ್ತದೆ. ಸಹಜ ಚರ್ಮದಲ್ಲಿ ಅಡ್ಡಡ್ಡ ಉದ್ದುದ್ದ ಹೆಣೆದುಕೊಂಡಿರುವ ಈ ನಾರು ಇಲ್ಲಿ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಒತ್ತಾಗಿ ಕೂರುತ್ತದೆ. ಕೂದಲಿನ ಬೇರಾಗಲಿ ಬೆವರ ಗ್ರಂಥಿಯಾಗಲಿ ಅಲ್ಲಿ ಮರಳಿ ಹುಟ್ಟುವುದಿಲ್ಲ. ಎಷ್ಟೇ ಕಾಲ ಕಳೆದರೂ ಆ ಜಾಗದ ಬಲ ಮೊದಲಿನ ಚರ್ಮದ ಸುಮಾರು ಶೇ. 80ನ್ನು ದಾಟುವುದಿಲ್ಲ. ತೇಪೆ ಎಂದರೂ ಸರಿ, ಆದರೆ ತೇಪೆಯನ್ನು ಹರಿದ ಜಾಗದ ಶೇಷ ಎಂದು ಯಾರೂ ಕರೆಯುವುದಿಲ್ಲ. ಹರಿದದ್ದು ಹಾನಿ, ತೇಪೆ ಅದಕ್ಕೆ ಮಾಡಿದ ಕೆಲಸ. ಕಲೆಯನ್ನು ಗಾಯದ ಪಾಲು ಎನ್ನುವವರು ಕೆಲಸವನ್ನು ಹಾನಿಯ ಲೆಕ್ಕಕ್ಕೆ ಸೇರಿಸುತ್ತಿದ್ದಾರೆ. ಹೃದಯಾಘಾತದಲ್ಲಿ ಇದು ಇನ್ನೂ ಸ್ಪಷ್ಟ. ರಕ್ತ ಸಿಗದೆ ಸತ್ತ ಸ್ನಾಯುವಿನ ಜಾಗಕ್ಕೆ ನಾರಿನ ಕಲೆ ಬಂದು ಗಟ್ಟಿಯಾಗುವ ಮುಂಚಿನ ದಿನಗಳಲ್ಲೇ ಹೃದಯದ ಗೋಡೆ ಒಡೆಯುವ ಅಪಾಯ ಹೆಚ್ಚು. ಆ ಕಲೆ ಬಡಿಯುವ ಸ್ನಾಯುವಲ್ಲ, ನಿಜ. ಆದರೆ ಅದು ಬರದಿದ್ದರೆ ರೋಗಿಯೇ ಇರುವುದಿಲ್ಲ.

ಕಲೆ ಜಡವಾಗಿ ಕೂತಿರುವ ಶೇಷವಲ್ಲ ಎನ್ನುವುದಕ್ಕೆ ಇನ್ನೂ ಬಲವಾದ ಸಾಕ್ಷಿ ಸಮುದ್ರಯಾನದ ಚರಿತ್ರೆಯಲ್ಲಿದೆ. 1740ರಲ್ಲಿ ಇಂಗ್ಲೆಂಡಿನಿಂದ ಹೊರಟ ಆನ್ಸನ್‌ನ ನೌಕಾದಳದಲ್ಲಿ ಸ್ಕರ್ವಿ ಹಬ್ಬಿತು. 1748ರಲ್ಲಿ ಪ್ರಕಟವಾದ ಆ ಯಾನದ ವೃತ್ತಾಂತದಲ್ಲಿ ಸೆಂಚುರಿಯನ್ ಹಡಗಿನ ಒಬ್ಬ ಮುದಿ ಸಿಪಾಯಿಯ ಪ್ರಸ್ತಾಪ ಬರುತ್ತದೆ. 1690ರ ಬಾಯ್ನ್ ಕದನದಲ್ಲಿ ಅವನಿಗಾಗಿದ್ದ ಗಾಯಗಳು ಕೂಡಿಕೊಂಡು ಐವತ್ತು ವರ್ಷ ದಾಟಿದ್ದವು. ಸ್ಕರ್ವಿ ಬಂದಾಗ ಅವು ಮತ್ತೆ ಬಾಯಿಬಿಟ್ಟವು. ಕಾರಣ ಈಗ ಗೊತ್ತಿದೆ. ಕೊಲಾಜನ್ ಗಟ್ಟಿಯಾಗಿ ಹೆಣೆದುಕೊಳ್ಳಲು ಸಿ ಜೀವಸತ್ವ ಬೇಕು, ಸ್ಕರ್ವಿ ಅದರ ಕೊರತೆಯಿಂದಲೇ ಬರುವ ರೋಗ. ದೇಹ ಕಲೆಯ ನಾರನ್ನು ಬಿಚ್ಚುತ್ತ ಮತ್ತೆ ನೇಯುತ್ತ ಇರುತ್ತದೆ. ನೇಯುವುದು ನಿಂತರೆ ಬಿಚ್ಚುವುದಷ್ಟೇ ಉಳಿಯುತ್ತದೆ. ಮೂರನೆಯ ನಂಬಿಕೆ ಇಲ್ಲಿ ಬುಡಮೇಲಾಗುತ್ತದೆ. ಕಲೆ ಇದ್ದಷ್ಟು ಕಾಲ ಗಾಯ ಇರುತ್ತದೆ ಎನ್ನುತ್ತೇವಲ್ಲ, ಆ ಸಿಪಾಯಿಯ ಮೈಯಲ್ಲಿ ಕಲೆ ಸಡಿಲಿದಾಗಲೇ ಗಾಯ ಮರಳಿತು. ಐವತ್ತು ವರ್ಷ ಅದನ್ನು ಮುಚ್ಚಿ ಹಿಡಿದದ್ದು ಕಲೆ.

ಇದೆಲ್ಲ ಹೊಸ ವೈದ್ಯದ ತರಲೆ, ನಮ್ಮ ಹಿಂದಿನವರು ಹೀಗೆ ಬಿಡಿಸಿ ನೋಡುತ್ತಿರಲಿಲ್ಲ ಎನ್ನುವವರು ಸುಶ್ರುತಸಂಹಿತೆಯನ್ನು ನೋಡಬೇಕು. ಅಲ್ಲಿ ವ್ರಣಕ್ಕೆ ಏಳು ಉಪಕ್ರಮಗಳನ್ನು ಹೇಳಿದೆ. ಆರನೆಯದು ರೋಪಣ, ಅಂದರೆ ಗಾಯ ಕೂಡುವಂತೆ ಮಾಡುವುದು. ಏಳನೆಯದು ವೈಕೃತಾಪಹ, ಅಂದರೆ ಕೂಡಿದ ಜಾಗದ ವಿಕಾರವನ್ನು ತಗ್ಗಿಸುವುದು. ವಿಸ್ತಾರವಾದ ಪಟ್ಟಿಯಲ್ಲಿ ಇದೇ ಕೆಲಸಕ್ಕೆ ಕಪ್ಪಾದದ್ದನ್ನು ಬೆಳ್ಳಗೆ ಮಾಡುವ ಪಾಂಡುಕರ್ಮ, ಬೆಳ್ಳಗಾದದ್ದನ್ನು ಕಪ್ಪಾಗಿಸುವ ಕೃಷ್ಣಕರ್ಮ, ಕೂದಲು ಬರಿಸುವ ರೋಮಸಂಜನನ ಎಂಬ ಹೆಸರುಗಳೂ ಇವೆ. ಆ ಲೇಪಗಳು ಎಷ್ಟು ಫಲಕಾರಿ ಎಂಬುದು ಬೇರೆ ವಿಚಾರ. ನನಗೆ ಮುಖ್ಯವಾದದ್ದು ವಿಂಗಡಣೆ. ಕೂಡುವುದು ಒಂದು ಕೆಲಸ, ಕೂಡಿದ್ದನ್ನು ಚೆಂದಗಾಣಿಸುವುದು ಇನ್ನೊಂದು; ಮೊದಲನೆಯದು ಮುಗಿದ ಮೇಲೆ ಎರಡನೆಯದು. ಸಿಲಿಕೋನ್ ಜೆಲ್, ಸ್ಟಿರಾಯ್ಡ್ ಚುಚ್ಚುಮದ್ದು, ಲೇಸರ್ ಬಳಸುವ ಇಂದಿನ ಚರ್ಮವೈದ್ಯರು ನಿಂತಿರುವುದೂ ಈ ಏಳನೆಯ ಮೆಟ್ಟಿಲಲ್ಲೇ. ಮುಖದ ಗೆರೆಯನ್ನು ಮಸುಕಾಗಿಸಿಕೊಳ್ಳಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ಅದಕ್ಕೆ ವಾಸಿಯಾಗುವುದು ಎಂಬ ಹೆಸರು ಕೊಟ್ಟರೆ ಮಾತ್ರ ತಕರಾರು, ಯಾಕೆಂದರೆ ಆಗ ಆ ಆಸೆ ಇಲ್ಲದವರು, ಅಥವಾ ಅದಕ್ಕೆ ದುಡ್ಡಿಲ್ಲದವರು, ಜೀವನಪೂರ್ತಿ ರೋಗಿಗಳೆನಿಸಿಕೊಳ್ಳುತ್ತಾರೆ.

ಇದಕ್ಕೆ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ಕಲೆಯೇ ರೋಗವಾಗುವುದಿಲ್ಲವೇ? ಆಗುತ್ತದೆ. ಕೀಲಾಯ್ಡ್ ಗಾಯದ ಗಡಿಯನ್ನು ದಾಟಿ ಬೆಳೆಯುತ್ತದೆ, ತುರಿಸುತ್ತದೆ, ಕತ್ತರಿಸಿ ತೆಗೆದರೆ ಮತ್ತೆ ಬರುವುದೂ ಉಂಟು. ಸುಟ್ಟ ಚರ್ಮ ಬಿಗಿದು ಎಳೆದುಕೊಂಡಾಗ ಕುತ್ತಿಗೆ ಎದೆಗೆ ಅಂಟಿದಂತಾಗುತ್ತದೆ, ರೆಪ್ಪೆ ಮುಚ್ಚಲಾಗದೆ ಕಣ್ಣು ಒಣಗುತ್ತದೆ. ಹಳ್ಳಿಗಳಲ್ಲಿ ಕಣ್ಣಿಗೆ ಹೂವು ಬಿದ್ದಿದೆ ಎನ್ನುವುದೂ ಎಷ್ಟೋ ಸಲ ಕಣ್ಣಿನ ಪಾರದರ್ಶಕ ಪಟಲದ ಮೇಲಿನ ಕಲೆಯೇ. ಹೆಸರಿನ ಅಂದ ನೋಟವನ್ನು ಮರಳಿಸುವುದಿಲ್ಲ. ಯಕೃತ್ತಿನ ಸಿರೋಸಿಸ್ ಎಂದರೆ ಕಲೆಯ ಅಂಗಾಂಶ ಮಿತಿಮೀರಿ ಹಬ್ಬಿದ್ದು. ಇವುಗಳನ್ನು ಮರೆತು ಕಲೆಯೆಲ್ಲ ಒಳ್ಳೆಯದು ಎಂದರೆ ಅದು ಇನ್ನೊಂದು ಮೂಢತನ. ಆದರೆ ಇಲ್ಲಿ ದೂರು ಏನೆಂದು ಗಮನಿಸಿ. ಕುತ್ತಿಗೆ ತಿರುಗುವುದಿಲ್ಲ, ಕಣ್ಣು ಕಾಣುವುದಿಲ್ಲ, ಯಕೃತ್ತು ಕೆಲಸ ಮಾಡುವುದಿಲ್ಲ. ಕಲೆ ಉಳಿದಿದೆ ಎಂಬುದು ದೂರಲ್ಲ, ಅದು ಮಿತಿಮೀರಿದೆ ಅಥವಾ ಬರಬಾರದ ಕಡೆ ಬಂದಿದೆ ಎಂಬುದು ದೂರು. ಮುಚ್ಚುವ ಕೆಲಸ ಅತಿಯಾದರೆ ಅದಕ್ಕೆ ಚಿಕಿತ್ಸೆ ಬೇಕು. ಅದರಿಂದ ಮುಚ್ಚುವ ಕೆಲಸವೇ ಹಾನಿ ಎಂದು ಸಿದ್ಧವಾಗುವುದಿಲ್ಲ.

ಕಾನೂನಿನ ಕಡೆಯಿಂದಲೂ ಇದೇ ಆಕ್ಷೇಪಣೆ ಬರಬಹುದು. ಭಾರತೀಯ ದಂಡಸಂಹಿತೆಯ 320ನೇ ಕಲಮು ಎಂಟು ಬಗೆಯ ಘೋರ ಗಾಯಗಳನ್ನು ಪಟ್ಟಿಮಾಡಿತ್ತು. ತಲೆ ಅಥವಾ ಮುಖದ ಶಾಶ್ವತ ವಿರೂಪ ಅದರಲ್ಲಿ ಆರನೆಯದು. 2024ರ ಜುಲೈನಿಂದ ಜಾರಿಗೆ ಬಂದ ನ್ಯಾಯಸಂಹಿತೆಯ 116ನೇ ಕಲಮಿನಲ್ಲೂ ಅದು ಮುಂದುವರಿದಿದೆ. ಕಾನೂನೇ ಕಲೆಯನ್ನು ಗಾಯವೆಂದು ಎಣಿಸುತ್ತಿದೆಯಲ್ಲ? ಎಣಿಸುತ್ತಿರುವುದು ಬೇರೆಯದನ್ನು. ಹೊಡೆದವನು ಮಾಡಿದ್ದು ಎಷ್ಟು ಘೋರ ಎಂದು ಅಳೆಯಲು ಕಾನೂನು ಕಲೆಯನ್ನು ಅಳತೆಗೋಲಾಗಿ ಹಿಡಿಯುತ್ತದೆ. ಹೊಡೆಸಿಕೊಂಡವರು ವಾಸಿಯಾಗಿದ್ದಾರೆಯೇ ಎಂಬ ಪ್ರಶ್ನೆಯನ್ನು ಅದು ಕೇಳುತ್ತಲೇ ಇಲ್ಲ. ಅಷ್ಟೇ ಉದ್ದದ ಗೆರೆ ಬೆನ್ನಿನ ಮೇಲಿದ್ದರೆ ಈ ಆರನೆಯ ಬಾಬಿಗೆ ಬರುವುದಿಲ್ಲ ಎಂಬುದೂ ಗಮನಾರ್ಹ. ಮುಖದ ಕಲೆಯನ್ನು ಪ್ರತ್ಯೇಕಿಸಿದ್ದಕ್ಕೆ ಕಾರಣ ಚರ್ಮದಲ್ಲಿಲ್ಲ, ಆ ಮುಖವನ್ನು ನೋಡುವ ಜನರಲ್ಲಿದೆ. ಆ್ಯಸಿಡ್ ದಾಳಿಗೆ ತುತ್ತಾದವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗೆ ಸೇರಿಸಿದ್ದರ ಹಿಂದೆ ಇರುವುದೂ ಇದೇ ತಿಳಿವು: ಬಿಗಿದ ಚರ್ಮ ದೇಹವನ್ನು ತಡೆಯುವಂತೆ ಬಾಡಿಗೆ ಮನೆಯ ಮಾಲೀಕರೂ ಕೆಲಸ ಕೊಡುವವರೂ ತಡೆಯುತ್ತಾರೆ. ಎರಡನೆಯ ತಡೆಯನ್ನು ದಾಳಿಗೆ ತುತ್ತಾದವರ ಮುಖದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಇನ್ನು ರೂಪಕದ ಮಾತು. ರೂಪಕಗಳಿಗೆ ಶರೀರಶಾಸ್ತ್ರದ ಪರೀಕ್ಷೆ ಯಾಕೆ, ಸಮಾಜದ ಮೇಲೆ ಮಾಯದ ಕಲೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದಲ್ಲ ಎನ್ನುತ್ತಾರೆ. ಅರ್ಥವಾಗುತ್ತದೆ, ತಪ್ಪಾಗಿ ಅರ್ಥವಾಗುತ್ತದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಈ ಘಟನೆಯನ್ನು ಕರ್ನಾಟಕದ ಮೇಲಿನ ಮಾಯದ ಕಲೆ ಎನ್ನುವ ಬಗೆಯ ಮಾತು ನಮಗೆ ರೂಢಿಯಾಗಿದೆ. ಈ ಮಾತಿನಲ್ಲಿ ದುಃಖವಿದೆ, ಆದರೆ ಅದು ಮಾಡುವ ಕೆಲಸ ಬೇರೆ. ಕಲೆ ಎಂದೊಡನೆ ಗಾಯದ ಅಧ್ಯಾಯ ಮುಗಿದದ್ದಾಯಿತು, ಉಳಿದದ್ದು ನೆನಪು ಮತ್ತು ನಾಚಿಕೆ. ಅದರ ಮೇಲೆ ಕಲೆ ಎಂಬುದಕ್ಕೆ ಕೊಳೆ ಎಂಬ ಅರ್ಥವೂ ಇರುವುದರಿಂದ, ಕೆಟ್ಟದ್ದಾದದ್ದು ರಾಜ್ಯದ ಹೆಸರಿಗೆ ಎಂಬಂತಾಗುತ್ತದೆ. ಸತ್ತವರ ಮನೆಯವರು ಹಿಂದಕ್ಕೆ ಸರಿಯುತ್ತಾರೆ. ಏಳು ಜನ ಸತ್ತು ಯಾರಿಗೂ ಶಿಕ್ಷೆಯಾಗದ ಕಡೆ ಮುಚ್ಚಿದ ಬಾಯಿ ಎಲ್ಲಿದೆ? ಅದು ಗಾಯ. ಕೊಂದವರಾರೆಂದು ನಿಶ್ಚಯವಾಗಿ, ಶಿಕ್ಷೆಯಾಗಿ, ಊರಿನಲ್ಲಿ ಭಯವಿಲ್ಲದೆ ಬಾಳುವಂತಾದ ಮೇಲೆ ಉಳಿಯುವ ನೆನಪಿಗೆ ಕಲೆ ಎಂಬ ಹೆಸರು ಒಪ್ಪುತ್ತದೆ. ಮಾಯದ ಕಲೆ ಎಂಬ ನುಡಿಗಟ್ಟು ಎರಡು ಕಡೆಯೂ ಅನ್ಯಾಯ ಮಾಡುತ್ತದೆ: ಮುಚ್ಚಿದ್ದನ್ನು ಮುಚ್ಚಿಲ್ಲ ಎನ್ನುತ್ತದೆ, ಮುಚ್ಚದೇ ಇರುವುದನ್ನು ಮುಚ್ಚಿತೆಂದು ಒಪ್ಪಿಸಿಬಿಡುತ್ತದೆ.

ಕೊಳೆ ಎನ್ನುವವರಿಗೆ ಎದುರಾಗಿ ಕಲೆಯೇ ಆಭರಣ ಎನ್ನುವ ಪಂಗಡವೊಂದು ಈಚೆಗೆ ಜೋರಾಗಿದೆ. ಇವರೊಡನೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಕಲೆ ಹೇಳುವುದು ಇಷ್ಟೇ: ಇಲ್ಲಿ ಚರ್ಮ ತೆರೆದಿತ್ತು, ಈಗ ಮುಚ್ಚಿದೆ. ತೆರೆದದ್ದು ಕಳ್ಳನೊಂದಿಗೆ ಸೆಣಸಿಯೋ ಬಚ್ಚಲಲ್ಲಿ ಜಾರಿಯೋ ಎಂಬುದನ್ನು ಅದು ಹೇಳುವುದಿಲ್ಲ. ಗುರುತು ಇದ್ದಮಾತ್ರಕ್ಕೆ ಗುಣ ಬರುವಂತಿದ್ದರೆ ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡದ್ದಕ್ಕೂ ಫಲ ಸಿಗಬೇಕಿತ್ತು.

ಇದೇ ಜಾತಿಗೆ ಸೇರಿದ ಇನ್ನೊಂದು ಗೊಂದಲ ವೇದಿಕೆಗಳಲ್ಲಿ ಬಹಳ ಚಪ್ಪಾಳೆ ಗಿಟ್ಟಿಸುತ್ತದೆ. ಕನ್ನಡದಲ್ಲಿ ಗಾಯದ ಗುರುತಿಗೂ ಕಲೆ, ಸಂಗೀತ ಚಿತ್ರಗಳಿಗೂ ಕಲೆ. ಆದ್ದರಿಂದ ಗಾಯವಿಲ್ಲದೆ ಕಲೆಯಿಲ್ಲ, ಇದು ನಮ್ಮ ಭಾಷೆಯ ಒಳದರ್ಶನ ಎಂಬ ಮಾತು. ಚೆಂದದ ಮಾತು, ಆಧಾರವಿಲ್ಲದ್ದು. ಸಂಗೀತದ ಕಲೆ ಸಂಸ್ಕೃತದ ಕಲಾ. ಚಂದ್ರನ ಹದಿನಾರನೆಯ ಪಾಲು, ಅರವತ್ತನಾಲ್ಕು ವಿದ್ಯೆಗಳು ಅದರ ಅರ್ಥಗಳು, ಗಾಯದ ಗುರುತು ಅವುಗಳಲ್ಲಿಲ್ಲ. ಗಾಯದ ಕಲೆ ಬೇರೆ ಪದ; ಮಲಯಾಳದಲ್ಲಿ ಸಿಡುಬಿನ ಗುರುತಿಗೆ ವಸೂರಿಕ್ಕಲ ಎನ್ನುವಲ್ಲಿ ಇದೇ ಪದ ಕಾಣುತ್ತದೆ. ಎರಡೂ ಒಂದೇ ಉಚ್ಚಾರಕ್ಕೆ ಬಂದು ನಿಂತದ್ದು ಆಕಸ್ಮಿಕ. ಹೋಲಿಕೆಗೆ ಬರೆ ಎಂಬುದನ್ನು ನೋಡಿ: ಕಾದ ಕಬ್ಬಿಣದಿಂದ ಮೈಮೇಲೆ ಎಳೆಯುವ ಬರೆ, ಅಕ್ಷರ ಬರೆ. ಇಲ್ಲಿ ನೆಂಟಸ್ತಿಕೆ ದಿಟ, ಯಾಕೆಂದರೆ ಎರಡರಲ್ಲೂ ಇರುವುದು ಗೆರೆ ಎಳೆಯುವ ಕ್ರಿಯೆ. ತಮಿಳಿನ ವರೈ ಕೂಡ ಗೆರೆ ಎಳೆಯುವುದೇ. ನಿಜವಾದ ನಂಟನ್ನು ಬಿಟ್ಟು ಸುಳ್ಳು ನಂಟಿಗೆ ಚಪ್ಪಾಳೆ ತಟ್ಟುವುದು ವಿಚಿತ್ರ.

ಹಾಗಾದರೆ ಕಲೆ ಎಂಬ ಪದವನ್ನೇ ಕೈಬಿಡಬೇಕೇ? ಪೊಲೀಸರು ಹಾಗೆಯೇ ಮಾಡಿದ್ದಾರೆ. ಕಾಣೆಯಾದವರ ಪ್ರಕಟಣೆಯಲ್ಲಿ ಹಣೆಯ ಮೇಲೆ ಹಳೆಯ ಗಾಯದ ಗುರುತು ಇರುತ್ತದೆ ಎಂದು ಬರೆಯುತ್ತಾರೆಯೇ ಹೊರತು ಕಲೆ ಎನ್ನುವುದು ಅಪರೂಪ. ಆದರೆ ಗುರುತು ಎಂಬುದು ಹುಡುಕುವವರ ಪದ. ಮೈಗೆ ಏನಾಯಿತು, ಮೈ ಏನು ಮಾಡಿತು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಕಲೆಯನ್ನೇ ಇಟ್ಟುಕೊಂಡು, ಅದರ ಮುಂದೆ ಮಾಯು ಎಂಬ ಕ್ರಿಯಾಪದ ಹಚ್ಚುವುದನ್ನು ನಿಲ್ಲಿಸಿದರೆ ಸಾಕು. ಕಲೆ ಮಸುಕಾಗುತ್ತದೆ, ತಿಳಿಯಾಗುತ್ತದೆ, ಮೆದುವಾಗುತ್ತದೆ ಎನ್ನಲು ಪದಗಳಿಗೆ ಬರವಿಲ್ಲ.

ಕಲೆಯನ್ನು ಕೊಳೆಯೆಂದಾಗಲಿ ಪದಕವೆಂದಾಗಲಿ ನೋಡದೆ ಬರೀ ಓದಿದವರೂ ಇದ್ದಾರೆ. ಸಿಡುಬಿನ ನಿರ್ಮೂಲನ ನಿಜವೇ ಎಂದು ಪರೀಕ್ಷಿಸಲು 1970ರ ದಶಕದಲ್ಲಿ ಹೋದ ತಂಡಗಳು ಮಕ್ಕಳ ಮುಖಗಳನ್ನು ನೋಡುತ್ತಿದ್ದವು. ಸಿಡುಬಿನ ಗುಳಿ ಬದುಕಿಡೀ ಉಳಿಯುವುದರಿಂದ, ಒಂದು ಪ್ರದೇಶದಲ್ಲಿ ಗುಳಿಬಿದ್ದ ಮುಖವುಳ್ಳ ಅತಿ ಕಿರಿಯ ಮಗುವಿನ ವಯಸ್ಸು ರೋಗ ಅಲ್ಲಿ ಕಡೆಯ ಸಲ ಯಾವಾಗ ಸುಳಿದಿತ್ತು ಎಂಬುದರ ಸುಳಿವು ಕೊಡುತ್ತಿತ್ತು. ಹತ್ತು ವರ್ಷದವರಲ್ಲಿ ಗುಳಿ ಕಂಡು ಐದು ವರ್ಷದವರಲ್ಲಿ ಎಲ್ಲೂ ಕಾಣದಿದ್ದರೆ, ರೋಗ ಬಂದುಹೋಗಿದೆ, ಈಗಿಲ್ಲ. ಭಾರತದ ಕೊನೆಯ ಪ್ರಕರಣ 1975ರಲ್ಲಿ ದಾಖಲಾಯಿತು. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತು ಸಿಡುಬಿನಿಂದ ಮುಕ್ತವಾಗಿದೆ ಎಂದು ಸಾರಿತು. ಆಗ ಲಕ್ಷಾಂತರ ಮುಖಗಳ ಮೇಲೆ ಸಿಡುಬಿನ ಕಲೆ ಹಾಗೆಯೇ ಇತ್ತು. ಅದನ್ನು ತೋರಿಸಿ ಆ ಘೋಷಣೆಗೆ ಯಾರೂ ತಕರಾರು ತೆಗೆಯಲಿಲ್ಲ.